ಒಂದು ಗಂಟೆ ಒಂದು ನಿಮಿಷದ ಹಾರಾಟ

"ಓದಿ ನೋಡಮ್ಮ, ಕಂಪ್ಯೂಟರೇ ಹೇಳೈತೆ," ಎಂದು ಸಬ್ ಇನ್ಸ್‌ಪೆಕ್ಟರ್ ಶಿವಮೂರ್ತಪ್ಪ ಒಂದು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

ಓದಿದೆ. ಹೈದರಾಬಾದಿನಿಂದ ದಾವಣಗೆರೆಗೆ ದೂರ ನಾನೂರ ಇಪ್ಪತ್ತನಾಲ್ಕು ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆ ಒಂದು ನಿಮಿಷ. ರಸ್ತೆಯಲ್ಲಿ ಹತ್ತು ಗಂಟೆ. ಯಾವುದೋ ವೆಬ್‌ಸೈಟಿನಿಂದ ಪ್ರಿಂಟು ತೆಗೆದ ಹಾಳೆ. ಅದರ ಕೆಳಗೆ ಠಾಣೆಯ ಸೀಲು ಬೇರೆ.

ನನಗೆ ನಗು ಬಂತು. ಅಣ್ಣ ಸತ್ತು ಒಂಬತ್ತು ದಿನವಾದ ಮೇಲೆ ಬಂದ ಮೊದಲ ನಗು, ಅದೂ ಹರಿಹರದ ಪೊಲೀಸ್ ಠಾಣೆಯಲ್ಲಿ ಕೂತು.

"ಸಾರ್, ಒಂದು ಗಂಟೆ ಒಂದು ನಿಮಿಷಕ್ಕೆ ದಾವಣಗೆರೆಗೆ ಬಂದ ವಿಮಾನ ಎಲ್ಲಿ ಇಳಿತೈತ್ರಿ? ಎಪಿಎಂಸಿ ಯಾರ್ಡಿನಾಗ? ಇಲ್ಲಾ ಹೈಸ್ಕೂಲ್ ಫೀಲ್ಡಿನಾಗ?"

ಶಿವಮೂರ್ತಪ್ಪ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ಮತ್ತೊಮ್ಮೆ ಓದಿದರು. ದಾವಣಗೆರೆಗೆ ವಿಮಾನ ನಿಲ್ದಾಣವೇ ಇಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಚ್ಚಾದ ಅಕ್ಷರ ಕಂಡರೆ ನಮ್ಮ ಜನರ ಬುದ್ಧಿ ಅರ್ಧ ಗಳಿಗೆ ಮಲಗಿಬಿಡುತ್ತದೆ. ನಾನು ಪಿ.ಬಿ. ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ಟಿಕೆಟ್ ಅಂಗಡಿ ಇಟ್ಟವಳು. ಬಸ್ಸು, ರೈಲು, ವಿಮಾನ, ಯಾವುದರದ್ದಾದರೂ ಸರಿ. ಇಂಥ ಹಾಳೆ ಹಿಡಿದುಕೊಂಡು ಬಂದು "ದಾವಣಗೆರೆಯಿಂದ ದುಬೈಗೆ ಡೈರೆಕ್ಟ್ ಐತಂತಲ್ಲಕ್ಕ" ಎಂದು ಜಗಳಕ್ಕೆ ನಿಂತವರನ್ನು ಬೇಕಾದಷ್ಟು ಕಂಡಿದ್ದೇನೆ.

"ಅದು ಹಕ್ಕಿ ಹಾರೋ ದೂರ ಸಾರ್. ಮನುಷ್ಯ ಹಾರೋದಲ್ಲ."

"ಅದನ್ನೇ ನಾನೂ ಹೇಳ್ತಿರೋದಮ್ಮ!" ಅವರು ಮೇಜು ತಟ್ಟಿದರು. "ನೀವು ಅನುಮಾನ ಪಡೋ ರುದ್ರಮುನಿಯವ್ರು ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಹೈದರಾಬಾದಿನಾಗೆ ಅಕ್ಕನ ಮೊಮ್ಮಗನ ತೊಟ್ಟಿಲ ಶಾಸ್ತ್ರದಾಗೆ ನಿಂತಾರೆ, ವಿಡಿಯೋ ಐತೆ. ಅವತ್ತೇ ರಾತ್ರಿ ಅಲ್ಲೇ ಊಟಕ್ಕೆ ಕೂತಾರೆ, ಅದಕ್ಕೂ ವಿಡಿಯೋ ಐತೆ. ಫೋನು ಇಡೀ ದಿನ ಹೈದರಾಬಾದ್ ಟವರಿನಾಗೇ ಐತೆ. ನಿಮ್ಮಣ್ಣ ತಿಮ್ಮೇಶ ಹೊಳೆಗೆ ಬಿದ್ದಿದ್ದು ಮಧ್ಯಾಹ್ನ ಒಂದರಿಂದ ಎರಡರ ಒಳಗೆ. ಕಾರಿನಾಗೆ ಬಂದು ಹೋಗೋಕೆ ಇಪ್ಪತ್ತು ತಾಸು ಬೇಕು. ಹುಬ್ಬಳ್ಳಿ ವಿಮಾನದ ಪಟ್ಟಿ ತರಿಸಿದ್ವಿ, ಬೆಂಗಳೂರಿಂದೂ ತರಿಸಿದ್ವಿ. ಹೆಸರಿಲ್ಲ. ಇನ್ನೇನು ಮಾಡ್ಲಿ ಹೇಳು?"

"ತಲೆ ಹಿಂದಿನ ಗಾಯ?"

"ಹೊಳೆ ಮೆಟ್ಟಿಲ ಕಲ್ಲು ತಗುಲಿರ್ತೈತೆ."

"ಭದ್ರಾ ನಾಲೆಯಾಗೆ ಈಜು ಕಲ್ತು ಬೆಳೆದೋನು ಸಾರ್ ನಮ್ಮಣ್ಣ. ಮೆಟ್ಟಿಲ ಹತ್ರ ಮುಳುಗ್ತಾನಾ?"

ಅವರು ಗಡಿಯಾರ ನೋಡಿದರು. ಹನ್ನೊಂದೂವರೆ. "ಇವತ್ತು ಸಂಜೆ ಐದಕ್ಕೆ ರಿಪೋರ್ಟು ಹೋಗ್ತೈತೆ ನೇತ್ರಮ್ಮ. ಕಾಲು ಜಾರಿ ಬಿದ್ದು ಸಾವು. ಅಷ್ಟರೊಳಗೆ ನೀವು ಯಾರದಾದ್ರೂ ಹೆಸರು ಕೊಟ್ರಿ, ಅವರು ಅವತ್ತು ಇಲ್ಲಿಗೆ ಬಂದಿದ್ರು ಅಂತ ತೋರ್ಸಿದ್ರಿ ಅಂದ್ರೆ ಮಾತು ಬ್ಯಾರೆ. ಇಲ್ಲಾಂದ್ರೆ ಮುಗೀತು."

ಮುಗಿಯಿತಂತೆ. ಕುಕ್ಕುವಾಡದ ಹತ್ತಿರ ಶಾಲೆಯಿಂದ ಬರುತ್ತಿದ್ದ ಹುಡುಗಿಯನ್ನು ರುದ್ರಮುನಿಯ ಕಾರು ಹೊಡೆದು ನಿಲ್ಲದೆ ಹೋಗಿತ್ತು. ಆ ಕಾರು ಮಾರನೆಯ ಬೆಳಿಗ್ಗೆ ಬಂದು ನಿಂತದ್ದು ಹರಿಹರದಲ್ಲಿ ನಮ್ಮಣ್ಣನ ಗ್ಯಾರೇಜಿನ ಮುಂದೆ. ಅಂದು ಸ್ಟೇರಿಂಗ್ ಹಿಡಿದವರು ಯಾರು ಎಂದು ಅಣ್ಣ ಕೋರ್ಟಿನಲ್ಲಿ ಮಂಗಳವಾರ ಹೇಳಬೇಕಿತ್ತು. ಸೋಮವಾರ ಅವನೇ ಹೆಣವಾದ. ಇಷ್ಟು ಕೂಡಿಸಿ ಕಳೆಯಲು ಸೀಲು ಹಾಕಿದ ಹಾಳೆ ಬೇಕೇ?

ಹೊರಗಿನ ಬೆಂಚಿನ ಮೇಲೆ ಅಪ್ಪ ಕೂತಿದ್ದ. ತಿಪ್ಪೇರುದ್ರಪ್ಪ, ಇಪ್ಪತ್ತೆರಡು ವರ್ಷ ಅದೇ ರುದ್ರಮುನಿಯ ಮನೆಯ ಕಾರು ಓಡಿಸಿದವನು. ಆ ಅಪಘಾತ ಆದ ವಾರದಲ್ಲೇ ಕೆಲಸ ಬಿಟ್ಟ. ಮಗನ ಹೆಣ ನೋಡಿದ ಮೇಲೂ ಆ ಮನೆಯ ಬಗ್ಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಉಂಡ ಮನೆಯ ಋಣ ಅಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

"ಬಿಟ್ಬಿಡವ್ವ," ಅಂದ. "ಹೋದೋನು ಹೋದ. ದೊಡ್ಡೋರ ಉಸಾಬರಿ ಯಾಕ?"

"ನೀ ಇಲ್ಲೇ ಕುಂತಿರಪ್ಪ. ಐದರೊಳಗೆ ಹೆಸರು ತಂದು ಇವರ ಮೇಜಿನ ಮೇಲೆ ಇಡ್ತೀನಿ."

ಅವ್ವ ನಾಗಕ್ಕನಿಗೂ ಹಾಗೇ ಹೇಳಿ ಬಂದಿದ್ದೆ. ಅಣ್ಣನನ್ನು ಮಣ್ಣು ಮಾಡಿದ ದಿನದಿಂದ ಅವಳು ದಿನಕ್ಕೆ ಒಂದೇ ಮಾತು ಆಡುತ್ತಾಳೆ. ನಾನು ಮನೆಗೆ ಕಾಲಿಟ್ಟ ಕೂಡಲೇ ಮುಖ ನೋಡಿ, "ಹೆಸರು ಸಿಕ್ತೇನು?" ಎನ್ನುತ್ತಾಳೆ. ಸಿಗಲಿಲ್ಲ ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನನಗೆ ಬೇಕಾದದ್ದು ನ್ಯಾಯ ಅಂತ ನಾಲ್ಕು ಜನರ ಮುಂದೆ ಹೇಳುತ್ತೇನೆ. ಸುಳ್ಳು. ನನಗೆ ಬೇಕಾದದ್ದು ಆ ರುದ್ರಮುನಿಯ ಮುಖ ಬೂದಿಯ ಬಣ್ಣಕ್ಕೆ ತಿರುಗುವುದನ್ನು ಹತ್ತಿರದಿಂದ ನೋಡುವುದು.

ಠಾಣೆಯ ಬಾಗಿಲಿಗೆ ಹೋದವಳು ಒಳಗೆ ಮತ್ತೆ ತಲೆ ಹಾಕಿದೆ.

"ಸಾರ್, ಶಿವಮೊಗ್ಗದ ಪಟ್ಟಿ ತರಿಸಿದ್ರಾ?"

"ಶಿವಮೊಗ್ಗಾನಾ?" ಶಿವಮೂರ್ತಪ್ಪ ಕನ್ನಡಕ ತೆಗೆದರು. "ಶಿವಮೊಗ್ಗಕ್ಕೆ ನಾವು ಹೋಗೋದು ಜೋಗ ನೋಡೋಕೆ. ವಿಮಾನ ಹತ್ತೋಕೆ ಯಾರಮ್ಮ ಅಲ್ಲಿಗೆ ಹೋಗ್ತಾರೆ?"

ಇದೇ ನಮ್ಮವರ ಹಣೆಬರಹ. ದಾವಣಗೆರೆ ಹರಿಹರದವರಿಗೆ ಲೋಕ ಅಂದರೆ ಒಂದೇ ಹೆದ್ದಾರಿ. ಮೇಲಕ್ಕೆ ಹೋದರೆ ಹುಬ್ಬಳ್ಳಿ, ಕೆಳಕ್ಕೆ ಹೋದರೆ ಬೆಂಗಳೂರು. ಪಕ್ಕಕ್ಕೆ ಕತ್ತು ಹೊರಳಿಸುವ ಅಭ್ಯಾಸವೇ ಇಲ್ಲ. ಹರಿಹರದಿಂದ ಮಲೇಬೆನ್ನೂರು, ಹೊನ್ನಾಳಿ ದಾಟಿದರೆ ತೊಂಬತ್ತು ಕಿಲೋಮೀಟರಿನ ಆಚೆ ಈಗ ವಿಮಾನ ಇಳಿಯುತ್ತದೆ ಎನ್ನುವುದು ನಮ್ಮ ತಲೆಯಲ್ಲಿ ಇನ್ನೂ ಇಳಿದಿಲ್ಲ. ಬೇರೆಯವರನ್ನು ಅಂದು ಏನು, ಹನ್ನೊಂದು ವರ್ಷ ಟಿಕೆಟ್ ಮಾರಿದ ನನಗೇ ಒಂಬತ್ತು ದಿನ ಹೊಳೆದಿರಲಿಲ್ಲ. ಇವತ್ತು ಬೆಳಿಗ್ಗೆ ಅಂಗಡಿಗೆ ಬಂದ ಒಬ್ಬ ಮೇಷ್ಟ್ರು ಹೈದರಾಬಾದಿಗೆ ಟಿಕೆಟ್ ಕೇಳಿದಾಗ ಪರದೆಯ ಮೇಲೆ ಮೊದಲ ಸಾಲಿನಲ್ಲೇ ಶಿವಮೊಗ್ಗ ಬಂದು ನಿಂತಿತು. ಮೇಷ್ಟ್ರ ಟಿಕೆಟ್ ಅಲ್ಲಿಗೇ ಬಿಟ್ಟು ಹರಿಹರದ ಬಸ್ಸು ಹತ್ತಿದ್ದೆ.

"ನೀವು ಮಧ್ಯಾಹ್ನದ ಊಟ ಮಾಡ್ರಿ ಸಾರ್," ಎಂದು ಹೊರಟೆ.

*

ಶಿವಮೊಗ್ಗದ ನಿಲ್ದಾಣದ ಕೌಂಟರಿನಲ್ಲಿ ಕೆಲಸ ಮಾಡುವ ನಿಖತ್ ನನ್ನ ಜೊತೆ ಟಿಕೆಟಿಂಗ್ ಕಲಿತವಳು. ಒಂದೇ ರೂಮಿನಲ್ಲಿ ಎಂಟು ತಿಂಗಳು ಇದ್ದವರು ನಾವು. ಠಾಣೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತು ಫೋನು ಮಾಡಿದೆ.

"ಪಟ್ಟಿ ಕೊಡೋಕಾಗಲ್ಲ ಕಣೇ, ಕೆಲಸ ಹೋಗುತ್ತೆ," ಅಂದಳು ನಿಖತ್, ನಾನು ಹೇಳುವುದೆಲ್ಲ ಕೇಳಿದ ಮೇಲೆ. "ರುದ್ರಮುನಿ ಅನ್ನೋ ಹೆಸರು ಅವತ್ತು ಬರೋ ವಿಮಾನದಲ್ಲೂ ಇಲ್ಲ, ಹೋಗೋದ್ರಲ್ಲೂ ಇಲ್ಲ. ಅಷ್ಟು ಮಾತ್ರ ಹೇಳ್ತೀನಿ."

ಬೆಟ್ಟ ಅಗೆದರೂ ಇಲಿ ಕೂಡ ಸಿಗದ ಸ್ಥಿತಿ.

"ಅವತ್ತು ಏನಾದ್ರೂ ನಡೀತಾ ನಿಖತ್? ನೆನಪಿರೋ ಅಂಥದ್ದು?"

"ಅವತ್ತು ಎಲ್ಲರ ತಲೇನೂ ಬಿಸಿಯಾಗಿತ್ತು. ಆಮೇಲೆ, ಹಾಂ, ಒಬ್ರದು ದೊಡ್ಡ ಗಲಾಟೆ ಆಯ್ತು. ಹೈದರಾಬಾದಿಗೆ ಹೋಗೋ ಪ್ಯಾಸೆಂಜರ್. ತಪಾಸಣೆಯಲ್ಲಿ ಎದೆ ಹತ್ರ ಕುಂಯ್ ಅಂತು. ಅಂಗಿ ಒಳಗೆ ಲಿಂಗ ಇಡೋ ಬೆಳ್ಳಿ ಕರಡಿಗೆ. ತೆಗೆದು ಟ್ರೇನಲ್ಲಿ ಇಡಿ ಅಂದ್ರೆ ಬಿಲ್‌ಕುಲ್ ಕೇಳಲಿಲ್ಲ. ಪ್ರಾಣ ಹೋದ್ರೂ ಮೈಯಿಂದ ಬೇರೆ ಮಾಡಲ್ಲ ಅಂದ. ಪಾಪ, ಆಮೇಲೆ ಪರದೆ ಹಿಂದೆ ಕರ್ಕೊಂಡು ಹೋಗಿ ಮರ್ಯಾದೆಯಾಗೇ ನೋಡಿ ಬಿಟ್ರು."

"ಟಿಕೆಟ್ ಯಾರ ಹೆಸರಲ್ಲಿತ್ತು?"

"ಅದೆಲ್ಲ ಹೇಳಬಾರದು ಕಣೇ."

"ನಿಖತ್, ನಮ್ಮಣ್ಣ ನಿನಗೂ ಅಣ್ಣನೇ ಆಗಿದ್ದ. ನಿನ್ನ ಮದುವೆಗೆ ಕಾರು ಅಲಂಕಾರ ಮಾಡಿ ತಂದಿದ್ದು ಯಾರು?"

"ಮೈಲಪ್ಪ ಅಂತಿತ್ತು," ಎಂದು ಮೆಲ್ಲಗೆ ಹೇಳಿ ಫೋನಿಟ್ಟಳು.

ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಮೈಲಪ್ಪ ಯಾರೆಂದು ನನಗೆ ಚೆನ್ನಾಗಿ ಗೊತ್ತು. ಅಪ್ಪ ಬಿಟ್ಟ ಮೇಲೆ ರುದ್ರಮುನಿಯ ಕಾರು ಓಡಿಸುವವನು. ಮೈಲಾರದ ಒಕ್ಕಲು. ಹಣೆಗೆ ಭಂಡಾರ ಹಚ್ಚುತ್ತಾನೆ, ಕೊರಳಿಗೆ ಲಿಂಗ ಕಟ್ಟುವ ಮನೆತನ ಅವನದಲ್ಲ. ರುದ್ರಮುನಿಯದೇ ವಯಸ್ಸು, ಅದೇ ದುಂಡು ಮುಖ, ಅದೇ ಹುರಿ ಮೀಸೆ. ಆಧಾರ್ ಕಾರ್ಡಿನ ಫೋಟೋದಲ್ಲಂತೂ ಯಾರು ಬೇಕಾದರೂ ಯಾರ ಹಾಗೂ ಕಾಣುತ್ತಾರೆ.

ಹೆಸರು ಬದಲಾಯಿಸಿದ. ಗುರುತಿನ ಚೀಟಿ ಬದಲಾಯಿಸಿದ. ಫೋನು ಹೈದರಾಬಾದಿನಲ್ಲೇ ಬಿಟ್ಟ. ಕೊರಳಿನ ಲಿಂಗವನ್ನು ಮಾತ್ರ ಐದು ನಿಮಿಷ ತೆಗೆದಿಡಲು ಕೈ ಬರಲಿಲ್ಲ. ಕೊಲೆಗೆ ಹೇಸದವನು ಅದಕ್ಕೆ ಹೇಸಿದ. ಲಿಂಗದ ತಪ್ಪೇನೂ ಇಲ್ಲ, ಅದು ಎದೆಯ ಮೇಲಿತ್ತು. ಒಳಗೆ ಇದ್ದದ್ದು ಬೇರೆ.

ಎದೆಯಲ್ಲಿ ಉರಿ ಎದ್ದಿತು. ಸುಖದ ಉರಿ. ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಗೆ ಆಟೋ ಮಾಡಿಕೊಂಡೇ ಹೋದೆ. ಮೊದಲು ಅಂಗಡಿಗೆ ಹೋಗಿ ಆ ದಿನದ ವೇಳಾಪಟ್ಟಿ ಬರೆದುಕೊಂಡೆ. ಕೂಡಿಸಿ ಕಳೆದು ನೋಡಿದೆ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

*

ನಾಲ್ಕೂಕಾಲಿಗೆ ರುದ್ರಮುನಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಅವನ ತಾಯಿ ಶಕುಂತಲಮ್ಮ ಮಜ್ಜಿಗೆಯ ಲೋಟ ತಂದು ಕೈಗೇ ಕೊಟ್ಟರು. ಎಪ್ಪತ್ತೆಂಟರ ಮುದುಕಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದಾಗಲೆಲ್ಲ ನನಗೂ ಅಣ್ಣನಿಗೂ ಉಂಡೆ ಕೊಟ್ಟವರು.

"ತಿಮ್ಮೇಶನ ಸುದ್ದಿ ಕೇಳಿ ನನಗೆ ಎರಡು ದಿನ ಅನ್ನ ಇಳೀಲಿಲ್ಲ ಕಣವ್ವ," ಎಂದರು. ಆ ಕಣ್ಣೀರು ನಿಜದ್ದೇ. ಅದಕ್ಕೇ ನನಗೆ ಅವರ ಮಗನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಸಾಹುಕಾರ್ರು ಪೂಜೆಗೆ ಕೂತಾರೇನಮ್ಮ?"

"ಈಗ ಬರ್ತಾನೆ. ಪೂಜೆ ಬಿಟ್ಟು ಒಂದು ಹೊತ್ತು ಬಾಯಿಗೆ ನೀರು ಹಾಕೋನಲ್ಲ ಅವನು."

"ಊರಿಗೆ ಹೋದಾಗ್ಲೂ ಹಂಗೇನಾ? ವಿಮಾನದಾಗೆಲ್ಲ ಲಿಂಗ ತೆಗೆದಿಡು ಅಂತಾರಂತೆ."

ಶಕುಂತಲಮ್ಮ ಗಲ್ಲ ಬಡಿದುಕೊಂಡರು. "ಬಿಡ್ತು ಅನ್ನವ್ವ! ಹುಟ್ಟಿದ ಹನ್ನೊಂದನೇ ದಿನ ಅಯ್ಯನೋರು ಕಟ್ಟಿದ ಲಿಂಗ. ಆಪರೇಷನ್ ಮಾಡುವಾಗ್ಲೂ ಕೈಯಾಗೆ ಹಿಡ್ಕಂಡಿದ್ದ. ನನ್ನ ಮಗ ಅದನ್ನ ಬಿಟ್ಟು ಒಂದು ಗಳಿಗೆ ಇದ್ದೋನಲ್ಲ."

"ಅದೇ ಅನ್ಕೊಂಡೆ," ಎಂದು ಮಜ್ಜಿಗೆ ಕೆಳಗಿಟ್ಟೆ. ಕುಡಿಯಲು ಮನಸ್ಸಾಗಲಿಲ್ಲ.

ರುದ್ರಮುನಿ ಹೊರಗೆ ಬಂದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಬಾ ನೇತ್ರಾ, ಕೂಡು," ಎಂದು ತಾನೂ ಎದುರಿಗೆ ಕೂತ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ ಎನ್ನುವ ಗಾದೆ ಇಂಥವರನ್ನು ನೋಡಿಯೇ ಮಾಡಿದ್ದಿರಬೇಕು.

"ಅಮ್ಮಾರು ಒಳಗೆ ಹೋದ್ರೆ ಒಳ್ಳೇದು," ಎಂದೆ.

ಅವನು ತಾಯಿಗೆ ಕಣ್ಣಿನಲ್ಲೇ ಹೇಳಿದ. ಅವರು ಎದ್ದು ಹೋದರು.

"ಮೈಲಪ್ಪ ಯಾವಾಗಿಂದ ಲಿಂಗ ಕಟ್ಟಿದ್ದು ಸಾಹುಕಾರ್ರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಎದೆ ಮುಟ್ಟಿ ನೋಡಿಕೊಂಡ. ಅಂಗಿಯ ಮೇಲಿನಿಂದಲೇ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ.

ನಾನು ಚೀಟಿ ತೆಗೆದೆ. ಓದಬೇಕಾದ ಅಗತ್ಯವಿರಲಿಲ್ಲ, ಬಾಯಿಪಾಠವಾಗಿತ್ತು. ಆದರೂ ಒಂದೊಂದೇ ಸಾಲು ನಿಧಾನವಾಗಿ ಓದಿದೆ. ಅವನಿಗೆ ನೋಯಲಿ ಎಂದೇ ನಿಧಾನವಾಗಿ ಓದಿದೆ.

"ಬೆಳಿಗ್ಗೆ ಏಳು ನಲವತ್ತು, ತೊಟ್ಟಿಲು. ಹತ್ತು ಐದಕ್ಕೆ ಹೈದರಾಬಾದ್ ಬಿಡೋ ವಿಮಾನ, ಟಿಕೆಟ್ ಮೈಲಪ್ಪನ ಹೆಸರಿಗೆ. ಒಂದೂಕಾಲು ತಾಸು ಹಾರಾಟ. ಹನ್ನೊಂದು ಇಪ್ಪತ್ತಕ್ಕೆ ಶಿವಮೊಗ್ಗ. ಹೊನ್ನಾಳಿ ಮೇಲೆ ಒಂದು ಇಪ್ಪತ್ತಕ್ಕೆ ಹರಿಹರ. ಒಂದೂವರೆಗೆ ನಮ್ಮಣ್ಣನ ತಲೆ. ಎರಡಕ್ಕೆ ವಾಪಸ್. ನಾಲ್ಕು ನಲವತ್ತರ ವಿಮಾನ. ಹೈದರಾಬಾದಿನಾಗೆ ರಾತ್ರಿ ಊಟ. ಎಲ್ಲಾ ಬದಲು ಮಾಡಿದ್ರಿ ಸಾಹುಕಾರ್ರೆ, ಕೊರಳಾಗಿಂದು ಒಂದು ಬಿಟ್ರಿ. ತಪಾಸಣೆ ಮಾಡಿದೋರು ಮರ್ತಿಲ್ಲ."

ಆ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ನಾನು ಬಯಸಿದ್ದ ಹಾಗೇ ತಿರುಗಿತು. ಹಣೆಯ ವಿಭೂತಿ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಗೊತ್ತಾಗದಷ್ಟು. ನನಗೆ ಕುಣಿಯಬೇಕು ಅನ್ನಿಸಿತು. ಒಂಬತ್ತು ದಿನದ ಹಸಿವು ಹಿಂಗಿದ ಹಾಗಾಯಿತು.

"ಹೌದು," ಎಂದ. "ಬಂದಿದ್ದೆ."

"ಒಪ್ಕೊಂಡ್ರಲ್ಲ. ಏಳ್ರಿ, ಹರಿಹರಕ್ಕೆ ಹೋಗೋಣ."

"ಬಂದಿದ್ದೆ ಅಂದೆ ನೇತ್ರಾ. ಕೊಂದೆ ಅನ್ಲಿಲ್ಲ." ಅವನು ಬೆವರು ಒರೆಸಿಕೊಂಡ. "ಸಾಕ್ಷಿದಾರನ್ನ ಭೇಟಿ ಆಗಬಾರದು ಅಂತ ಕೋರ್ಟು ನನಗೆ ಬೇಲ್ ಕೊಡುವಾಗ ಹೇಳೈತೆ. ಭೇಟಿ ಆದ್ರೆ ಬೇಲ್ ಹೋಗ್ತೈತೆ. ಅದಕ್ಕೇ ಕಳ್ಳನಂಗೆ ಬಂದೆ. ನೀ ಟಿಕೆಟ್ ಮಾಡೋಳು. ಒಂದು ಮಾತು ಕೇಳ್ತೀನಿ. ಆ ಹನ್ನೊಂದು ಇಪ್ಪತ್ತು ಅಂತ ಬರ್ಕೊಂಡೀಯಲ್ಲ, ಅದು ವಿಮಾನ ಇಳೀಬೇಕಾದ ಹೊತ್ತಾ, ಇಳಿದ ಹೊತ್ತಾ?"

ನಾನು ಚೀಟಿಯನ್ನು ಮತ್ತೊಮ್ಮೆ ನೋಡಿದೆ.

"ನೋಡು. ಫೋನಿನಾಗೇ ಸಿಗ್ತೈತೆ ನಿನಗೆ."

ಫೋನು ತೆಗೆದೆ. ನಮ್ಮ ಟಿಕೆಟಿನವರಿಗೆ ಹಳೆಯ ದಿನಗಳ ಹಾರಾಟದ ದಾಖಲೆಯೂ ಕಾಣುತ್ತದೆ. ಆ ಸೋಮವಾರದ ಸಾಲಿಗೆ ಹೋದೆ. ಇಳಿಯಬೇಕಾದದ್ದು ಹನ್ನೊಂದು ಇಪ್ಪತ್ತು. ಮಳೆ ಮೋಡದಿಂದ ಹೈದರಾಬಾದಿನಿಂದಲೇ ತಡವಾಗಿ ಹೊರಟಿತ್ತು. ಇಳಿದದ್ದು ಒಂದು ಮೂವತ್ತೆರಡಕ್ಕೆ. ಸಂಜೆಯ ವಿಮಾನವೂ ನಾಲ್ಕು ನಲವತ್ತರ ಬದಲು ಆರೂಮುಕ್ಕಾಲಿಗೆ ಎದ್ದಿತ್ತು. ಅವತ್ತು ಎಲ್ಲರ ತಲೆ ಯಾಕೆ ಬಿಸಿಯಾಗಿತ್ತು ಎಂದು ನಿಖತ್‌ಳನ್ನು ನಾನು ಕೇಳಬೇಕಿತ್ತು.

ಕೇಳಲಿಲ್ಲ. ಅಚ್ಚಾದ ವೇಳಾಪಟ್ಟಿ ನಂಬಿದೆ. ಶಿವಮೂರ್ತಪ್ಪನವರ ಹಾಳೆ ನೋಡಿ ನಕ್ಕವಳು ನಾನೇ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ನನ್ನ ಗಾಳಕ್ಕೆ ನಾನೇ ಸಿಕ್ಕಿದ್ದೆ.

ಒಂದೂವರೆಗೆ ಅಣ್ಣ ಸಾಯುವಾಗ ಇವನು ಇನ್ನೂ ನೆಲಕ್ಕೇ ಇಳಿದಿರಲಿಲ್ಲ.

"ನಾನು ಹರಿಹರ ಮುಟ್ಟಿದಾಗ ಮೂರೂಕಾಲು," ಎಂದ ರುದ್ರಮುನಿ. "ಹೊಳೆ ದಂಡೆಗೆ ಜನ ಸೇರಿತ್ತು. ಕಾರಿಂದ ಇಳೀಲೇ ಇಲ್ಲ. ಹಂಗೇ ವಾಪಸ್ ತಿರುಗಿಸ್ದೆ."

ನನ್ನ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ಆದರೂ ಅದು ಹೋಗಲಿಲ್ಲ. "ಯಾಕ ಬಂದ್ರಿ ಹಂಗಾದ್ರೆ? ನಮ್ಮಣ್ಣ ಹೊಳೆ ಹತ್ರ ಇರ್ತಾನೆ ಅಂತ ನಿಮಗೆ ಹೇಳಿದ್ದು ಯಾರು?"

"ಬ್ಯಾಡ ನೇತ್ರಾ."

"ಹೇಳ್ರಿ!"

ನನ್ನ ಕೂಗಿಗೆ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅವನು ನೆಲ ನೋಡಿಕೊಂಡೇ ಹೇಳಿದ.

"ನಿಮ್ಮಪ್ಪ."

ಸುಳ್ಳು ಎನ್ನಬೇಕೆಂದುಕೊಂಡೆ. ಅವನು ನಿಲ್ಲಿಸಲಿಲ್ಲ. ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ಯಾರ ಮಾತು ಕೇಳುತ್ತದೆ?

"ಕುಕ್ಕುವಾಡದಾಗೆ ಅವತ್ತು ಸ್ಟೇರಿಂಗ್ ಹಿಡಿದಿದ್ದು ತಿಪ್ಪೇರುದ್ರಪ್ಪ. ಹಿಂದಿನ ಸೀಟಿನಾಗೆ ನಾನಿದ್ದೆ. ಅವನು ಬ್ರೇಕ್ ಹಾಕೋಕೆ ಹೋದ. ನಿಲ್ಲಿಸಬ್ಯಾಡ, ನಡಿ ಅಂದೋನು ನಾನು. ಆ ಪಾಪ ನನ್ನದು, ಇಲ್ಲ ಅನ್ನಲ್ಲ. ಅವನ ಹೆಸರು ನಾ ಹೇಳಿದ್ರೆ ಅವನು ನನ್ನ ಮಾತು ಹೇಳ್ತಾನೆ. ಒಬ್ರ ಜುಟ್ಟು ಇನ್ನೊಬ್ರ ಕೈಯಾಗೆ. ಇಬ್ರೂ ಬಾಯಿ ಮುಚ್ಕೊಂಡ್ವಿ. ಕಾರು ಗ್ಯಾರೇಜಿಗೆ ತಂದು ಬಿಟ್ಟೋನು ನಿಮ್ಮಪ್ಪ. ತಿಮ್ಮೇಶ ಅವನ ಬಾಯಿಂದ ಎಲ್ಲಾ ಕೇಳಿ ತಿಳ್ಕೊಂಡ. ಮಂಗಳವಾರ ಕೋರ್ಟಿನಾಗೆ ಇಬ್ರ ಹೆಸರೂ ಹೇಳ್ತೀನಿ ಅಂತ ಹಟ ಹಿಡ್ದ. ಮಗನಿಗೆ ಒಂದು ಮಾತು ಹೇಳ್ರಿ, ಒಂದೂವರೆಗೆ ಹೊಳೆ ಹತ್ರ ಕರ್ಕೊಂಡು ಬರ್ತೀನಿ ಅಂತ ನಿಮ್ಮಪ್ಪ ಭಾನುವಾರ ಫೋನು ಮಾಡ್ದ."

"ನಮ್ಮಪ್ಪ ಅವತ್ತು ಮಾಯಕೊಂಡದಾಗಿದ್ದ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. "ಸುದ್ದಿ ತಿಳಿದು ಬಸ್ಸು ಹತ್ತಿ ಬಂದ. ಐದೂವರೆ ಆಗಿತ್ತು."

"ಮೂರೂಕಾಲಿಗೆ ನಾ ನೋಡಿದ ಜನದಾಗೆ ಅವನೂ ನಿಂತಿದ್ದ. ಸೊಂಟದ ತನಕ ಪಂಚೆ ಒದ್ದೆ."

ಅಪಘಾತ ಆದ ಸಂಜೆ ಅಪ್ಪ ಮನೆಯಲ್ಲೇ ಮಲಗಿದ್ದ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟವಳು ಅವ್ವ. ನಾನು ಆಗ ಅಂಗಡಿಯಲ್ಲಿದ್ದೆ. ಅವ್ವ ಹೇಳಿದಳೆಂದು ನಾನೂ ಹಾಗೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಕೆಲಸ ಬಿಟ್ಟದ್ದು ಧಣಿಯ ಮೇಲಿನ ಸಿಟ್ಟಿಗೆ ಎಂದು ಹೆಮ್ಮೆಪಟ್ಟಿದ್ದೆ ಕೂಡ. ದಾವಣಗೆರೆಯಿಂದ ಲಂಡನ್ನಿಗೆ ಎಷ್ಟು ಹೊತ್ತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ನಾನು, ಮಾಯಕೊಂಡದ ಬಸ್ಸಿನ ಟಿಕೆಟ್ ತೋರಿಸು ಎಂದು ಅಪ್ಪನನ್ನು ಒಮ್ಮೆಯೂ ಕೇಳಿರಲಿಲ್ಲ.

"ಒಂಬತ್ತು ದಿನ ಯಾಕ ಸುಮ್ನಿದ್ರಿ?"

"ಹೇಳಿದ್ರೆ ನಾನು ಬಂದಿದ್ದು ಗೊತ್ತಾಗ್ತೈತೆ. ಬೇಲ್ ಹೋಗ್ತೈತೆ." ಅವನು ಮುಂದಕ್ಕೆ ಬಾಗಿದ. ಮುಖಕ್ಕೆ ಬಣ್ಣ ಮರಳಿ ಬರುತ್ತಿತ್ತು. "ಈಗ್ಲೂ ಏನೂ ಕೆಟ್ಟಿಲ್ಲ. ಕಾಲು ಜಾರಿ ಬಿದ್ದ ಅಂತ ಆಗ್ಲಿ ಬಿಡು. ನಿಮ್ಮನೆಗೂ ಒಳ್ಳೇದು, ನಮ್ಮನೆಗೂ ಒಳ್ಳೇದು. ಇರೋರಾದ್ರೂ ಉಳೀಲಿ."

ಉಳಿಯಲಿ! ಅಣ್ಣನ ಬಾಯಿ ಮುಚ್ಚಿಸಲು ವಿಮಾನ ಹತ್ತಿ ಬಂದವನು ಈಗ ನನ್ನ ಬಾಯಿ ಮುಚ್ಚಿಸಲು ಸೋಫಾದ ಮೇಲೆ ಅರ್ಧ ಅಡಿ ಮುಂದಕ್ಕೆ ಸರಿದಿದ್ದ. ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಈಗಲೇ ಹರಿಹರಕ್ಕೆ ಓಡಿ ಹೋಗಿ ಬೆಂಚಿನ ಮೇಲೆ ಕೂತ ಆ ಮುದುಕನ ಕಾಲು ಹಿಡಿದು, ಇದು ಸುಳ್ಳು ಅನ್ನಪ್ಪ ಎಂದು ಅಳಬೇಕು ಅನ್ನಿಸಿತು.

*

ಐದಕ್ಕೆ ಮೂರು ನಿಮಿಷ ಇರುವಾಗ ಫೋನು ಹೊಡೆದುಕೊಂಡಿತು. ಶಿವಮೂರ್ತಪ್ಪ.

"ಏನ್ ನೇತ್ರಮ್ಮ, ಹೆಸರು ಸಿಕ್ತಾ? ಇಲ್ಲಾ ರಿಪೋರ್ಟಿಗೆ ಸಹಿ ಹಾಕ್ಲಾ? ನಿಮ್ಮಪ್ಪ ಬೆಳಿಗ್ಗಿಂದ ಹೊರಗೆ ಕುಂತಿದ್ರು, ಒಳಗೆ ಕರ್ದು ಕೂಡ್ಸಿದೀನಿ. ಅವ್ರೂ ಕೇಳ್ಲಿ ಅಂತ ಸ್ಪೀಕರ್ ಹಾಕೀನಿ. ಹೇಳ್ರಿ."

ರುದ್ರಮುನಿ ಬೇಡ ಎಂದು ತಲೆ ಆಡಿಸಿದ. ಒಳಬಾಗಿಲಿನಲ್ಲಿ ಶಕುಂತಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

ನಾನು ಸುಮ್ಮನಿದ್ದರೆ ಸಾಕಿತ್ತು. ಒಂದು ಸಹಿ ಬಿದ್ದು ಫೈಲು ಮುಚ್ಚುತ್ತಿತ್ತು. ಅಪ್ಪ ಮನೆಗೆ ಬರುತ್ತಿದ್ದ. ಎದುರಿಗೆ ಕೂತು ಉಣ್ಣುತ್ತಿದ್ದ. ಅವನಿಗೆ ಬಡಿಸುತ್ತಾ ನಾನು ಎಷ್ಟು ವರ್ಷ ಬದುಕಬಹುದಿತ್ತು?

ಅಣ್ಣನ ಮೇಲೆ ಮಣ್ಣು ಹಾಕುವಾಗ, ಯಾರೇ ಆಗಲಿ ಬಿಡುವುದಿಲ್ಲ ಅಂದಿದ್ದೆ. ಯಾರೇ ಆಗಲಿ ಎನ್ನುವುದು ಎಷ್ಟು ಸುಲಭದ ಮಾತು. ಆದರೂ ಅದನ್ನು ಆಡಿದ್ದು ನಾನೇ, ಕೇಳಿಸಿಕೊಂಡದ್ದು ಅಣ್ಣನೇ.

"ಸಿಕ್ಕೈತೆ ಸಾರ್. ಬರ್ಕೊಳ್ರಿ."

"ಹೇಳಮ್ಮ."

"ತಿಪ್ಪೇರುದ್ರಪ್ಪ."

"ಯಾವ ತಿಪ್ಪೇರುದ್ರಪ್ಪ?"

"ನಿಮ್ಮೆದುರಿಗೆ ಕೂತಾನಲ್ಲ ಸಾರ್, ಅವನೇ. ಅವತ್ತು ಒಂದೂವರೆಗೆ ಎಲ್ಲಿದ್ದೆ ಅಂತ ಕೇಳ್ರಿ."

ಆ ಕಡೆ ಕುರ್ಚಿ ಸರಿದ ಸದ್ದು. ಯಾರೋ ಭಾರವಾಗಿ ಉಸಿರಾಡುವುದು ಕೇಳಿಸಿತು. ಆ ಉಸಿರು ನನಗೆ ಹುಟ್ಟಿದಾಗಿನಿಂದ ಗೊತ್ತು. ಬೈಯುತ್ತಾನೆ ಅಂದುಕೊಂಡೆ, ಇಲ್ಲ ಅಳುತ್ತಾನೆ ಅಂದುಕೊಂಡೆ. ಅಪ್ಪ ಎರಡೂ ಮಾಡಲಿಲ್ಲ.

"ನೇತ್ರಾ," ಅಂದ. "ಅಲ್ಲಿ ನಾನೊಬ್ನೇ ಇರ್ಲಿಲ್ಲವ್ವ. ಕಲ್ಲು ಎತ್ತಿದ್ದು ನಿಮ್ಮವ್ವ."